ಬಲೆ, ಬೆಲೆ ಮತ್ತು ಒಂದು ಹಳೆಯ ಕಂಪ್ಯೂಟರ್

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಈಗ ಹೆಂಗಸರ ಕೂಗಿನ ನಡುವೆ ಯಂತ್ರದ ದನಿಯೂ ಸೇರಿಕೊಂಡಿದೆ. ಗಿರಾಕಿ ಫೋನು ಹಿಡಿದು ದುಡ್ಡು ಹಾಕಿದ ಕೂಡಲೇ ಬುಟ್ಟಿಯ ಪಕ್ಕದ ಪುಟ್ಟ ಪೆಟ್ಟಿಗೆ ‘ಇನ್ನೂರ ಐವತ್ತು ರೂಪಾಯಿ ಬಂದಿದೆ’ ಎಂದು ಕನ್ನಡದಲ್ಲೇ ಸಾರುತ್ತದೆ. ಒಂದು ಕಂಪನಿಯಂತೂ ಕಿಚ್ಚ ಸುದೀಪ್ ಅವರ ದನಿಯನ್ನೇ ಪೆಟ್ಟಿಗೆಗೆ ತುಂಬಿಸಿದೆ. ಬೈತಖೋಲದ ಬಂದರಿನಲ್ಲಿ ಹರಾಜಿಗೆ ನಿಂತು ಬಂಗಡೆ, ತಾರ್ಲೆ ಹಿಡಿದು ತರುವ ಅಕ್ಕಂದಿರಿಗೆ ಪರದೆ ಮೇಲಿನ ಅಂಕಿ ನೋಡುವ ಪ್ರಮೇಯವೇ ಬರುವುದಿಲ್ಲ. ಮಗಳಿಗೆ ಹೇಳಬೇಕಾದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಕಳಿಸುತ್ತಾರೆ, ಉತ್ತರವೂ ಮಾತಿನಲ್ಲೇ ಬರುತ್ತದೆ. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡಕ್ಕೂ ಧ್ವನಿ ಟೈಪಿಂಗ್ ಕೊಟ್ಟ ಮೇಲೆ, ಬೇಕಾದ್ದನ್ನು ಹುಡುಕಲಿಕ್ಕೂ ಬಾಯಿಮಾತು ಸಾಕು.

ಹಾಗಾದರೆ ಐವತ್ತು ದಾಟಿದ ಮೇಲೆ ಅಕ್ಷರ ಕಲಿಯುವುದು ಏತಕ್ಕೆ? ವಯಸ್ಕರ ಶಿಕ್ಷಣದ ಕೆಲಸ ಮಾಡುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ‘ಓದು ಬಂದರೆ ಬಾಳು ಬೆಳಗುತ್ತದೆ’ ಎಂಬ ಗೋಡೆಬರಹದ ಉತ್ತರ ಬಂದರಿನಲ್ಲಿ ನಡೆಯುವುದಿಲ್ಲ. ನನಗೆ ತೋಚುವ ಉತ್ತರ ಇಷ್ಟು: ಯಂತ್ರ ಓದಿ ಹೇಳುವುದು ಅದನ್ನು ಮಾಡಿದವನಿಗೆ ಬೇಕಾದ್ದನ್ನು ಮಾತ್ರ. ಬಂದ ದುಡ್ಡನ್ನು ಪೆಟ್ಟಿಗೆ ಕೂಗಿ ಹೇಳುತ್ತದೆ, ಹೋದ ದುಡ್ಡನ್ನು ಹೇಳುವುದಿಲ್ಲ. ಬ್ಯಾಂಕಿನ ಖಾತೆಯಿಂದ ವರ್ಷಕ್ಕೊಮ್ಮೆ 436 ರೂಪಾಯಿ, ಇನ್ನೊಮ್ಮೆ 20 ರೂಪಾಯಿ ಕಡಿತವಾದ ಸಂದೇಶ ಬರುತ್ತದೆ. ಒಂದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು, ಇನ್ನೊಂದು ಅಪಘಾತದ ಸುರಕ್ಷಾ ವಿಮೆಯದು. ಓದಲು ಬಾರದವರಿಗೆ ಅದು ದುಡ್ಡು ಮಾಯವಾದ ಲೆಕ್ಕ ಅಷ್ಟೇ. ಮನೆಯ ಯಜಮಾನ ಸಮುದ್ರದಲ್ಲಿ ತೀರಿಕೊಂಡಾಗ ಹಾಗೊಂದು ವಿಮೆ ಇತ್ತು ಎಂಬುದೇ ಗೊತ್ತಿಲ್ಲದೆ ಹೋದರೆ, ವರ್ಷ ವರ್ಷ ಕಟ್ಟಿದ ಕಂತು ನೀರಿಗೆ. ಸಂಘದ ಸಾಲದ ಪುಸ್ತಕದ ಕಥೆ ಹೇಳುವುದೇ ಬೇಡ. ಕಿರುಸಾಲದವರ ಕಿರುಕುಳ ತಡೆಯಲು 2025ರ ಆರಂಭದಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಹಿ ಹಾಕಿದ ಕಾಗದದಲ್ಲಿ ಏನಿತ್ತು ಎಂದು ಎಷ್ಟು ಜನ ಓದಿದ್ದರು?

2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡ ಜಿಲ್ಲೆಯ ಸಾಕ್ಷರತೆ ಶೇ 84. ಆಗಿನ ರಾಜ್ಯದ ಸರಾಸರಿ ಶೇ 75 ಎಂಬುದನ್ನು ನೆನೆದರೆ ಎದೆ ಉಬ್ಬಿಸಬಹುದು. ಆದರೆ ಅದೇ ಗಣತಿಯಲ್ಲಿ ಜಿಲ್ಲೆಯ ಹೆಣ್ಣುಮಕ್ಕಳ ಪ್ರಮಾಣ ಶೇ 78ರ ಆಸುಪಾಸು, ಗಂಡಸರದ್ದು ಸುಮಾರು 90. ಶಾಲೆಗೆ ಹೋಗುವ ಮಕ್ಕಳನ್ನು ಬದಿಗಿಟ್ಟು ಐವತ್ತರ ಆಚೆಯ ಹೆಂಗಸರನ್ನಷ್ಟೇ ಎಣಿಸಿದರೆ ಈ ಅಂತರ ಎಷ್ಟಕ್ಕೆ ಹೋಗಿ ನಿಲ್ಲುತ್ತದೆ ಎಂದು ಮೀನು ಮಾರುಕಟ್ಟೆಯಲ್ಲಿ ಒಂದು ಸುತ್ತು ಬಂದವರು ಊಹಿಸಬಲ್ಲರು.

ಅಕ್ಷರ ಬಾರದವರೆಂದರೆ ತಿಳಿವಳಿಕೆ ಇಲ್ಲದವರು ಎಂಬ ಮಾತನ್ನು ಇದೇ ಜಿಲ್ಲೆಯ ಅಂಕೋಲೆಯಲ್ಲಿ ನಿಂತು ಯಾರೂ ಆಡುವಂತಿಲ್ಲ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡಿನ ಕಣಜವನ್ನೇ ನೆನಪಿನಲ್ಲಿ ಹೊತ್ತುಕೊಂಡಿದ್ದವರು, ಸಾರಾಯಿ ವಿರುದ್ಧ ಊರಿನ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತದೆ ಕಾಡಿನ ಒಂದೊಂದು ಮರದ ಬೀಜ ಯಾವಾಗ ಕೊಯ್ಯಬೇಕು, ಹೇಗೆ ಮೊಳೆಸಬೇಕು ಎಂದು ಅರಣ್ಯ ಇಲಾಖೆಗೇ ಹೇಳಿಕೊಟ್ಟವರು. ಇಬ್ಬರೂ ಈಗಿಲ್ಲ. ಇಂಥವರ ಊರಿನಲ್ಲಿ ವಯಸ್ಕರ ತರಗತಿ ತೆರೆಯುವವರು ಎದುರಿಗೆ ಕೂತವರನ್ನು ಖಾಲಿ ಪಾಟಿ ಎಂದುಕೊಂಡರೆ ತರಗತಿ ಎರಡನೆಯ ವಾರಕ್ಕೇ ಖಾಲಿಯಾಗುತ್ತದೆ.

ಬೈತಖೋಲದಲ್ಲೇ ಇದಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಪರ್ಸೀನ್ ಬೋಟು ನಡೆಸುವ ತಾಂಡೇಲರ ಕೋಣೆಯಲ್ಲಿ ಜಿಪಿಎಸ್ ಇದೆ, ಫಿಶ್ ಫೈಂಡರ್ ಇದೆ, ವೈರ್‌ಲೆಸ್ ಸೆಟ್ ಇದೆ. ಪ್ರಾಥಮಿಕ ಶಾಲೆಯನ್ನು ಅರ್ಧಕ್ಕೇ ಬಿಟ್ಟ ತಾಂಡೇಲರು ಅಕ್ಷಾಂಶ ರೇಖಾಂಶದ ಅಂಕಿ ನೋಡಿ ಕತ್ತಲಲ್ಲೂ ಬಂದರಿನ ಬಾಯಿಗೆ ಬೋಟು ತರುತ್ತಾರೆ. ಪರದೆಯ ಮೇಲಿನ ಬಣ್ಣದ ಗೆರೆ ನೋಡಿ ಕೆಳಗಿರುವುದು ಮೀನಿನ ಹಿಂಡೋ ಬರಿ ಕಲ್ಲೋ ಎಂದು ಹೇಳುತ್ತಾರೆ. ಇದನ್ನು ಅವರಿಗೆ ಯಾವ ಇಲಾಖೆಯೂ ತರಗತಿ ನಡೆಸಿ ಕಲಿಸಿದ್ದಲ್ಲ. ಹಳೇ ತಾಂಡೇಲರ ಪಕ್ಕದಲ್ಲಿ ನಿಂತು ಕಲಿತರು, ತಪ್ಪಿದರೆ ಡೀಸೆಲ್ ವ್ಯರ್ಥ ಎಂಬ ಭಯದಲ್ಲಿ ಕಲಿತರು. ಯಂತ್ರದ ಭಯ ವಯಸ್ಸಾದವರಿಗೆ ಹೆಚ್ಚು ಎಂಬುದು ಅರ್ಧ ಸತ್ಯ. ಉಪಯೋಗ ಕಂಡ ಕಡೆ ಭಯ ತಾನಾಗಿ ಹೋಗುತ್ತದೆ.

ವಯಸ್ಕರ ತರಗತಿಗೆ ಕಂಪ್ಯೂಟರನ್ನು ತಂದ ಪ್ರಯತ್ನಗಳಲ್ಲಿ ನಮ್ಮ ದೇಶದ ದೊಡ್ಡದು ನೆರೆಯ ಅವಿಭಜಿತ ಆಂಧ್ರದಲ್ಲಿ ಶುರುವಾಯಿತು. ಟಾಟಾ ಕನ್ಸಲ್ಟೆನ್ಸಿಯನ್ನು ಕಟ್ಟಿ ಬೆಳೆಸಿದ ಎಫ್.ಸಿ. ಕೊಹ್ಲಿ ನಿವೃತ್ತಿಯ ನಂತರ ತಲೆಗೆ ಹಚ್ಚಿಕೊಂಡ ಕೆಲಸ ಅದು. 2000ದ ಫೆಬ್ರುವರಿಯಲ್ಲಿ ಆಗಿನ ಮೆದಕ್ ಜಿಲ್ಲೆಯ ಬೀರಂಗುಡದಲ್ಲಿ ತೆಲುಗಿನಲ್ಲಿ ಮೊದಲ ತರಗತಿ ನಡೆಯಿತು. ಹೊಸ ಯಂತ್ರ ಕೊಳ್ಳಲಿಲ್ಲ. ಕಚೇರಿಗಳು ಬೇಡವೆಂದು ಮೂಲೆಗೆ ತಳ್ಳಿದ ಹಳೇ ಕಂಪ್ಯೂಟರುಗಳನ್ನೇ ಬಳಸಿದರು. ಪಾಠವನ್ನೂ ಹೊಸದಾಗಿ ಹುಟ್ಟಿಸಲಿಲ್ಲ. ರಾಷ್ಟ್ರೀಯ ಸಾಕ್ಷರತಾ ಮಿಷನ್ ಆಗಲೇ ಸಿದ್ಧಮಾಡಿದ್ದ ಪ್ರವೇಶಿಕೆಗಳನ್ನು ತೆಗೆದುಕೊಂಡು ಅವಕ್ಕೆ ಚಿತ್ರ, ದನಿ, ಮಾತಾಡುವ ಗೊಂಬೆಗಳನ್ನು ಸೇರಿಸಿದರು. ಹದಿನೈದು ಇಪ್ಪತ್ತು ಜನ ಸಂಜೆ ಒಂದೂವರೆ ಗಂಟೆ, ವಾರದಲ್ಲಿ ಎರಡು ಮೂರು ದಿನ ಒಂದೇ ಪರದೆಯ ಎದುರು ಕೂರುತ್ತಿದ್ದರು. ನಲವತ್ತರಿಂದ ಐವತ್ತು ಗಂಟೆಯಲ್ಲಿ ಪತ್ರಿಕೆಯ ಸುಲಭ ಸುದ್ದಿ ಓದುವಷ್ಟು ಬರುತ್ತದೆ ಎಂದು ಕಂಪನಿ ಹೇಳಿಕೊಂಡಿತು. ತೆಲುಗಿನ ಬೆನ್ನಿಗೆ ತಮಿಳು, ಹಿಂದಿ, ಮರಾಠಿ, ಬಂಗಾಳಿ ಮೊದಲಾದ ಭಾಷೆಗಳಿಗೂ ಪಾಠ ತಯಾರಾಯಿತು.

ಅವರು ಹಿಡಿದ ದಾರಿಯಲ್ಲಿ ಅಕ್ಷರಮಾಲೆ ಮೊದಲಿಗೆ ಬರುವುದಿಲ್ಲ, ಪದ ಬರುತ್ತದೆ. ಬೈತಖೋಲಕ್ಕೆ ಹೊಂದಿಸಿ ಹೇಳುತ್ತೇನೆ. ಪರದೆ ಮೇಲೆ ಒಂದು ಬಲೆಯ ಚಿತ್ರ. ಕೆಳಗೆ ‘ಬಲೆ’ ಎಂಬ ಬರಹ, ಜೊತೆಗೆ ಅದನ್ನು ಹೇಳುವ ದನಿ. ಮೂರನ್ನೂ ಒಟ್ಟಿಗೆ ನೋಡಿ ಕೇಳಿ ಮನಸ್ಸಿಗೆ ಕೂತ ಮೇಲೆ ಪದ ಎರಡಾಗಿ ಒಡೆಯುತ್ತದೆ: ಬ, ಲೆ. ಈಗ ‘ಲೆ’ಯ ಮೇಲಿನ ಎತ್ವದಂಥದ್ದೇ ಇನ್ನೊಂದು ಬಂದು ‘ಬ’ದ ಮೇಲೂ ಕೂರುತ್ತದೆ. ಬಲೆ ಇದ್ದದ್ದು ಬೆಲೆ ಆಯಿತು. ಚಿತ್ರ ಬದಲಾಗಿ ತಕ್ಕಡಿಯೂ ನೋಟೂ ಬಂದವು. ಬೆರಳು ತಾಗಿಸಿದರೆ ಎತ್ವ ಹಾರಿಹೋಗಿ ಮತ್ತೆ ಬಲೆ. ಬಲೆಯನ್ನೂ ಬೆಲೆಯನ್ನೂ ಬಾಳಿಡೀ ಕಂಡವರಿಗೆ ಕಾಗುಣಿತದ ಗುಟ್ಟು ಹೀಗೆ ಒಂದು ಸಂಜೆಗೆ ಸಿಕ್ಕಿಬಿಡುತ್ತದೆ. ಹಲಗೆ ಮೇಲೂ ಇದನ್ನು ಮಾಡಬಹುದು, ಒಳ್ಳೆಯ ಶಿಕ್ಷಕಿಯರು ಮಾಡುತ್ತಲೂ ಬಂದಿದ್ದಾರೆ. ಆದರೆ ಹಲಗೆ ಮಾತಾಡುವುದಿಲ್ಲ, ಐವತ್ತನೆಯ ಸಲವೂ ಅದೇ ಬಲೆಯನ್ನು ಅದೇ ತಾಳ್ಮೆಯಿಂದ ತೋರಿಸಲು ಮನುಷ್ಯರಿಗೆ ಕಷ್ಟ. ಒತ್ತಕ್ಷರದಲ್ಲಂತೂ ಪರದೆಯ ಉಪಕಾರ ದೊಡ್ಡದು. ‘ಅಕ್ಕ’ ಎನ್ನುವಾಗ ಎರಡನೆಯ ಕಕಾರ ಸರಕ್ಕನೆ ಕೆಳಗಿಳಿದು ಮೊದಲನೆಯದರ ಬುಡಕ್ಕೆ ಅಂಟಿಕೊಳ್ಳುವುದನ್ನು ಕಣ್ಣಾರೆ ಕಂಡವರು ಮರೆಯುವುದಿಲ್ಲ. ಕನ್ನಡ ಕಲಿಯುವ ದೊಡ್ಡವರು ಎಡವುವುದು ಹೆಚ್ಚಾಗಿ ಅಲ್ಲಿಯೇ.

ನಲವತ್ತು ಗಂಟೆ ಎಂಬ ಅಂಕಿಗೆ ಮರುಳಾಗುವ ಮುನ್ನ ಒಂದು ಮಾತು. ಅದು ಓದಿನ ಲೆಕ್ಕ ಮಾತ್ರ. ಬರವಣಿಗೆ ಆ ಕಾರ್ಯಕ್ರಮದ ಮೊದಲ ಗುರಿಯಾಗಿರಲೇ ಇಲ್ಲ. ಸರ್ಕಾರದ ಸಾಕ್ಷರತಾ ತರಗತಿಗಳು ಓದು, ಬರಹ, ಲೆಕ್ಕ ಮೂರಕ್ಕೂ ಸೇರಿ ಮೊದಲಿನಿಂದ ಹಿಡಿದುಕೊಂಡು ಬಂದದ್ದು 200 ಗಂಟೆಯ ಅಂದಾಜು. ಹೀಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ‘ನೋಡಿ, ಯಂತ್ರ ಐದು ಪಟ್ಟು ವೇಗ’ ಎನ್ನುವುದು ಸರಿಯಾದ ತೂಕ ಅಲ್ಲ. ಹೆಸರು ಬರೆದು ಸಹಿ ಹಾಕುವ ಆಸೆ ನಮ್ಮ ಹೆಂಗಸರಲ್ಲಿ ಎಷ್ಟು ಗಟ್ಟಿ ಎಂಬುದು ಬ್ಯಾಂಕಿನ ಕೌಂಟರಿನಲ್ಲಿ ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುವವರ ಮುಖ ನೋಡಿದರೆ ಗೊತ್ತಾಗುತ್ತದೆ. ಆ ಆಸೆಯನ್ನು ಪರದೆ ಪೂರೈಸುವುದಿಲ್ಲ. ಅದಕ್ಕೆ ಪೆನ್ಸಿಲು ಬೇಕು, ಕೈಹಿಡಿದು ತಿದ್ದಿಸುವ ಇನ್ನೊಂದು ಕೈ ಬೇಕು.

ನಲವತ್ತು ಗಂಟೆಯ ಮಾತು ಕಂಪ್ಯೂಟರಿಗಿಂತ ಹಳೆಯದು ಎಂಬುದೂ ಸ್ವಾರಸ್ಯ. 1963ರಲ್ಲಿ ಬ್ರೆಜಿಲ್‌ನ ಆಂಜಿಕೊಸ್ ಎಂಬಲ್ಲಿ ಶಿಕ್ಷಣತಜ್ಞ ಪಾವ್ಲೊ ಫ್ರೇರಿ ಸುಮಾರು 300 ಜನ ಕೂಲಿಕಾರರಿಗೆ ಹೆಚ್ಚುಕಮ್ಮಿ ಇಷ್ಟೇ ಅವಧಿಯಲ್ಲಿ ಓದು ಕಲಿಸಿ ಜಗತ್ತಿನ ಗಮನ ಸೆಳೆದಿದ್ದರು. ಅವರೂ ಬರಿಗೈಯಲ್ಲಿ ಹೋಗಿರಲಿಲ್ಲ. ಗೋಡೆಯ ಮೇಲೆ ಚಿತ್ರ ಬಿಡುವ ಸ್ಲೈಡ್ ಪ್ರೊಜೆಕ್ಟರ್ ಇತ್ತು. ಆದರೆ ಚಿತ್ರ ಬಿದ್ದ ಮೇಲೆ ಮೊದಲು ನಡೆಯುತ್ತಿದ್ದುದು ಮಾತುಕತೆ. ಇಟ್ಟಿಗೆ ಹೊರುವವರ ಮುಂದೆ ಇಟ್ಟಿಗೆಯ ಚಿತ್ರ ಹಾಕಿ, ಇದನ್ನು ಮಾಡಿದವರು ಯಾರು, ಇದರ ಮನೆಯಲ್ಲಿ ಇರುವವರು ಯಾರು ಎಂಬ ಚರ್ಚೆ ಎದ್ದ ಮೇಲೆ ಅಕ್ಷರ. ಯಂತ್ರ ಹಿಂದೆ ಸರಿದು ಜನ ಮುಂದೆ ಬರುವ ಆ ಕ್ರಮವನ್ನು ಆಮೇಲಿನ ಎಷ್ಟೋ ಸಾಫ್ಟ್‌ವೇರ್‌ಗಳು ಮರೆತವು.

ಇನ್ನೊಂದು ಅಗ್ಗದ ಉಪಾಯ ನಮ್ಮದೇ ದೇಶದಲ್ಲಿ ಹುಟ್ಟಿತು. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1996ರಲ್ಲಿ ಇದನ್ನು ಮುಂದಿಟ್ಟರು. ಟಿವಿಯಲ್ಲಿ ಬರುವ ಸಿನಿಮಾ ಹಾಡಿಗೆ ಅದೇ ಭಾಷೆಯ ಸಾಲುಗಳನ್ನು ಕೆಳಗೆ ಹಾಕುವುದು, ಹಾಡುತ್ತಿರುವ ಪದಕ್ಕೆ ಬಣ್ಣ ಬರುವಂತೆ ಮಾಡುವುದು, ಅಷ್ಟೇ. ಮೊದಲು ಗುಜರಾತಿನ ದೂರದರ್ಶನದಲ್ಲಿ, ಆಮೇಲೆ ಹಿಂದಿಯ ಚಿತ್ರಹಾರದಲ್ಲಿ ಅದನ್ನು ಮಾಡಿ ನೋಡಿದರು. ಹಾಡು ಬಾಯಿಪಾಠ ಇರುವುದರಿಂದ ಕಣ್ಣು ಬೇಡವೆಂದರೂ ಅಕ್ಷರದ ಹಿಂದೆ ಓಡುತ್ತದೆ. ಅರೆಬರೆ ಓದು ಬರುವವರಿಗೆ, ಕಲಿತು ಮರೆತವರಿಗೆ ಇದಕ್ಕಿಂತ ಸುಖದ ಅಭ್ಯಾಸ ಇನ್ನೊಂದಿಲ್ಲ. ರಾಜಕುಮಾರ್ ಹಾಡಿಗೆ ಹೀಗೆ ಸಾಲು ಹಾಕಿ ತರಗತಿಯ ಕೊನೆಯ ಹತ್ತು ನಿಮಿಷ ಬಿಟ್ಟರೆ ಯಾರೂ ಬೇಗ ಎದ್ದು ಹೋಗುವುದಿಲ್ಲ ಎಂದು ನಾನು ಪಂತ ಕಟ್ಟಬಲ್ಲೆ.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ಹಳೇ ಮೈಸೂರಿನಲ್ಲಿ 1940ರ ದಶಕದಲ್ಲೇ ವಯಸ್ಕರ ಶಿಕ್ಷಣ ಸಮಿತಿ ಹುಟ್ಟಿ, ಹೊಸದಾಗಿ ಓದು ಕಲಿತವರಿಗೆಂದೇ ‘ಬೆಳಕು’ ಎಂಬ ವಾರಪತ್ರಿಕೆ ತಂದಿತು. 1956ರ ತನಕ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾರವಾರದ ಕಡೆಗೆ ಆ ಬೆಳಕು ಹರಿಯಲಿಲ್ಲ, ಅದು ಬೇರೆ ಮಾತು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಬಂದಾಗ ರಾಯಚೂರು, ಗುಲ್ಬರ್ಗ, ವಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ಸಂಜೆಯಾದರೆ ಊರಿನವರು ಶಾಲೆಯ ಅಂಗಳದಲ್ಲಿ ಕೂತು ಬೇಸಾಯ, ಆರೋಗ್ಯದ ಕಾರ್ಯಕ್ರಮ ನೋಡುತ್ತಿದ್ದರು. ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. ಹೊಸ ಯಂತ್ರ ಬಂದಾಗಲೆಲ್ಲ ನಮ್ಮಲ್ಲಿ ಉತ್ಸಾಹಕ್ಕೆ ಬರವಿಲ್ಲ. ಅದು ಹೋದ ಮೇಲೆ ಉಳಿಯುವುದೇನು ಎಂದು ಮೊದಲೇ ಯೋಚಿಸುವವರು ಕಡಿಮೆ.

ಈಗಿನ ಯಂತ್ರ ಫೋನು. ಕೇಂದ್ರದ ನವಭಾರತ ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರ ತನಕದ್ದು, ಅಂದಾಜು 1,037.90 ಕೋಟಿ ರೂಪಾಯಿಯದು. ಹದಿನೈದು ದಾಟಿದ ಐದು ಕೋಟಿ ಜನರಿಗೆ ಸಂಬಳವಿಲ್ಲದ ಸ್ವಯಂಸೇವಕರ ಮೂಲಕ ಕಲಿಸಬೇಕೆಂಬುದು ಗುರಿ. 2023ರ ಜುಲೈನಲ್ಲಿ ‘ಉಲ್ಲಾಸ್’ ಎಂಬ ಆ್ಯಪ್ ಬಂತು. ಕಲಿಯುವವರ ನೋಂದಣಿ, ಕಲಿಸುವವರ ನೋಂದಣಿ, ದೀಕ್ಷಾ ಪೋರ್ಟಲ್‌ನ ಪಾಠ ಎಲ್ಲ ಅದರಲ್ಲೇ. ಕಾಳಿ ನದಿ ದಾಟಿ ಮಾಜಾಳಿಯ ಆಚೆ ಹೋದರೆ ಸಿಗುವ ಗೋವಾ ಇದೇ ಕಾರ್ಯಕ್ರಮದ ಅಡಿ 2025ರ ಮೇ 30ರಂದು, ತನ್ನ ರಾಜ್ಯೋತ್ಸವದ ದಿನ, ತಾನು ಪೂರ್ಣ ಸಾಕ್ಷರ ಎಂದು ಸಾರಿಕೊಂಡಿತು. ಪೂರ್ಣ ಎಂದರೆ ಇಲ್ಲಿ ಶೇ 95 ದಾಟಿದ್ದು. ಆ ಕಡೆಯ ಬೋಟು, ಈ ಕಡೆಯ ಬೋಟು ಒಂದೇ ನೀರಿನಲ್ಲಿ ಬಲೆ ಬಿಡುತ್ತವೆ. ಹಾಗಾಗಿ ಈ ಘೋಷಣೆ ಕಾರವಾರದವರ ಕಿವಿಗೆ ಸ್ವಲ್ಪ ಚುಚ್ಚಲಿ ಎಂದೇ ನನ್ನಾಸೆ.

ಉಲ್ಲಾಸ್‌ನ ತೊಡಕು ಎದ್ದು ಕಾಣುವಂಥದ್ದು. ಓದಲು ಬಾರದವರಿಗಾಗಿ ಮಾಡಿದ ಆ್ಯಪನ್ನು ತೆರೆಯಲು ಓದು ಬರಬೇಕು. ಫೋನ್ ನಂಬರ್ ಹಾಕಿ, ಒಟಿಪಿ ಹಾಕಿ, ಜಿಲ್ಲೆ ಆರಿಸಿ ಎನ್ನುವ ಪುಟಗಳನ್ನು ದಾಟಿಸಲು ಪಕ್ಕದಲ್ಲಿ ಯಾರಾದರೂ ಬೇಕೇ ಬೇಕು. ಅದಕ್ಕೂ ಮುಂಚೆ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಎಂಬುದು 2017ರಿಂದ 2024ರ ಮಾರ್ಚ್ ತನಕ ನಡೆದು, ತಲಾ ಇಪ್ಪತ್ತು ಗಂಟೆಯಂತೆ 6.39 ಕೋಟಿ ಜನರಿಗೆ ತರಬೇತಿ ಕೊಟ್ಟ ಲೆಕ್ಕ ತೋರಿಸಿತು. ಅಕ್ಷರ ಒಂದು ಯೋಜನೆ, ಕಂಪ್ಯೂಟರು ಇನ್ನೊಂದು ಯೋಜನೆ, ಎರಡೂ ಬೇರೆ ಬೇರೆ ಇಲಾಖೆ. ಕಲಿಯುವವರ ಕೈಯಲ್ಲಿ ಇರುವುದು ಮಾತ್ರ ಒಂದೇ ಫೋನು.

ಆ ಫೋನನ್ನು ಹತ್ತಿರದಿಂದ ನೋಡಿ. ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿದ್ದು, ಅಂಚಿನಲ್ಲಿ ಒಣಗಿದ ಮೀನಿನ ಪೊರೆ. ಐಸ್ ಮುಟ್ಟಿ ಮುಟ್ಟಿ ಒದ್ದೆಯಾದ ಬೆರಳಿಗೆ ಟಚ್ ಸ್ಕ್ರೀನ್ ಮಣಿಯುವುದಿಲ್ಲ. ಒಂದು ಗುಂಡಿ ಒತ್ತಿದರೆ ಇನ್ನೊಂದು ತೆರೆದುಕೊಳ್ಳುತ್ತದೆ. ವರ್ಷಾನುಗಟ್ಟಲೆ ಉಪ್ಪುನೀರಿನಲ್ಲಿ ಸವೆದ ಬೆರಳು ಆಧಾರ್ ಯಂತ್ರಕ್ಕೂ ಗುರುತು ಹತ್ತುವುದಿಲ್ಲ. ಅಕ್ಷರ ಸಾಸಿವೆ ಕಾಳಿನಷ್ಟು. ‘ನಂಗೆ ಓದುಕೆ ಬರುದಿಲ್ಲ’ ಎನ್ನುವವರಲ್ಲಿ ಎಷ್ಟೋ ಜನರಿಗೆ ಬಾರದೆ ಇರುವುದು ಓದಲ್ಲ, ಹತ್ತಿರದ ದೃಷ್ಟಿ. ನಲವತ್ತು ದಾಟಿದ ಎಲ್ಲರಿಗೂ ಬರುವ ಚಾಳೀಸು ಅದು. ಅಸ್ಸಾಮಿನ ಚಹಾ ತೋಟದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹತ್ತಿರದ ಕನ್ನಡಕ ಕೊಟ್ಟ ಕೂಲಿಕಾರರು ಚಹಾ ಎಲೆ ಬಿಡಿಸುವ ಪ್ರಮಾಣ, ಕೊಡದವರಿಗಿಂತ ಶೇ 20ಕ್ಕೂ ಹೆಚ್ಚು ಮೇಲಕ್ಕೆ ಹೋಗಿತ್ತು. ಎಲೆ ಬಿಡಿಸಲಿಕ್ಕೇ ಹೀಗಾದರೆ ಅಕ್ಷರಕ್ಕೆ? ವಯಸ್ಕರ ತರಗತಿಗೆ ಮೊದಲು ಬರಬೇಕಾದ ತಂತ್ರಜ್ಞಾನ ಕನ್ನಡಕ ಎಂದು ನಾನು ಗಂಭೀರವಾಗಿಯೇ ಹೇಳುತ್ತೇನೆ. ಎರಡನೆಯದು ಅಕ್ಷರ ಅಂಗೈಯಗಲ ಕಾಣುವ ದೊಡ್ಡ ಪರದೆ. ಸರ್ಕಾರಿ ಶಾಲೆಗಳ ಸ್ಮಾರ್ಟ್ ಕ್ಲಾಸಿನ ಗೋಡೆಗೆ ತಗುಲಿಹಾಕಿದ ಟಿವಿ ಸಂಜೆ ನಾಲ್ಕೂವರೆಯ ಮೇಲೆ ಸುಮ್ಮನೆ ಇರುತ್ತದಲ್ಲ, ಅದೇ ಸಾಕು.

ಭಾಷೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಬೈತಖೋಲದ ಮನೆಗಳಲ್ಲಿ ಆಡುವುದು ಹೆಚ್ಚಾಗಿ ಕೊಂಕಣಿ. ಕನ್ನಡ ಮಾರುಕಟ್ಟೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದು ಬಂದದ್ದು. ಬರುತ್ತದೆ, ಆದರೆ ಪಠ್ಯಪುಸ್ತಕದ ಕನ್ನಡವಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಯಾರೋ ಧ್ವನಿಮುದ್ರಿಸಿದ ‘ರೈತನು ಹೊಲವನ್ನು ಉಳುತ್ತಾನೆ’ ಎಂಬ ವಾಕ್ಯ ಇಲ್ಲಿಯ ಕಿವಿಗೆ ಎರಡು ಸಲ ಪರಕೀಯ: ಹೊಲವೂ ಇಲ್ಲ, ಆ ಮಾತೂ ಇಲ್ಲ. ಇದಕ್ಕೆ ಮದ್ದು ಇದೆ, ದುಬಾರಿಯೂ ಅಲ್ಲ. ಕಲಿಯುವವರೇ ಒಂದು ಮಾತು ಹೇಳಲಿ. ‘ನಿನ್ನೆ ಬಂಗಡೆ ಕಮ್ಮಿ ಬಂತು, ಬೆಲೆ ಏರಿತು’ ಎನ್ನಲಿ. ಶಿಕ್ಷಕಿ ಅದನ್ನು ಫೋನಿನಲ್ಲಿ ಮುದ್ರಿಸಿಕೊಂಡು, ಹೇಳಿದ ಹಾಗೇ ಟೈಪ್ ಮಾಡಿ ದೊಡ್ಡ ಪರದೆಗೆ ಹಾಕಲಿ. ಧ್ವನಿ ಟೈಪಿಂಗ್ ಇರುವುದರಿಂದ ಅರ್ಧ ಕೆಲಸ ಯಂತ್ರವೇ ಮಾಡುತ್ತದೆ. ತಪ್ಪು ಬಿದ್ದರೆ ಎಲ್ಲರೂ ಸೇರಿ ತಿದ್ದುವುದೇ ಪಾಠ. ತನ್ನ ಮಾತು ಅಕ್ಷರವಾಗಿ ಗೋಡೆ ಮೇಲೆ ಕಂಡಾಗ ಅದನ್ನು ಓದಲು ಯಾರೂ ಒತ್ತಾಯ ಮಾಡಬೇಕಾಗಿಲ್ಲ.

ಪಠ್ಯಕ್ಕೂ ಬೇರೆ ಊರಿಗೆ ಹೋಗಬೇಕಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಮೇಲ್ಮೈ ಉಷ್ಣತೆ, ನೀರಿನ ಹಸಿರು ನೋಡಿ ಮೀನು ಸಿಗಬಹುದಾದ ಜಾಗವನ್ನು ಸ್ಥಳೀಯ ಭಾಷೆಗಳಲ್ಲಿ ತಿಳಿಸುತ್ತದೆ. ಯಾವ ಬಂದರಿನಿಂದ, ಯಾವ ದಿಕ್ಕಿಗೆ, ಎಷ್ಟು ಕಿಲೋಮೀಟರ್, ಎಷ್ಟು ಮೀಟರ್ ಆಳ: ಎಲ್ಲ ಕಾಲಮ್ಮು ಕಾಲಮ್ಮಾಗಿ. ದಿಕ್ಕು ಎಂಬಲ್ಲಿ ಒತ್ತಕ್ಷರ ಇದೆ, ಆಳ ಎಂಬಲ್ಲಿ ಳಕಾರ ಇದೆ, ಅಂಕಿ ಅಂತೂ ಧಾರಾಳ. ಇದಕ್ಕಿಂತ ಒಳ್ಳೆಯ ಪ್ರವೇಶಿಕೆಯನ್ನು ಯಾವ ಸಮಿತಿ ಬರೆದೀತು? ಗಾಳಿ ಮುನ್ಸೂಚನೆ, ಸೊಸೈಟಿಯ ಡೀಸೆಲ್ ಚೀಟಿ, ಹರಾಜಿನ ಚೀಟಿ, ಬ್ಯಾಂಕಿನ ಆ 436ರ ಸಂದೇಶ ಇವನ್ನೂ ಸೇರಿಸಿ. ಪುದುಚೇರಿಯ ಕಡೆ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನ 1998ರಿಂದ ನಡೆಸಿದ ಗ್ರಾಮ ಜ್ಞಾನ ಕೇಂದ್ರಗಳು ಈ ಹಾದಿಯನ್ನೇ ಹಿಡಿದಿದ್ದವು. ವೀರಾಂಪಟ್ಟಿನಂನಲ್ಲಿ ಅಲೆಯ ಎತ್ತರವನ್ನು ಕಂಪ್ಯೂಟರಿನಿಂದ ತೆಗೆದು ಧ್ವನಿವರ್ಧಕದಲ್ಲಿ ಹೇಳುತ್ತಿದ್ದರು. ನಲ್ಲವಾಡು ಎಂಬ ಪಕ್ಕದ ಮೀನುಗಾರರ ಊರಿನಲ್ಲಿ 2004ರ ಡಿಸೆಂಬರ್ 26ರ ಬೆಳಿಗ್ಗೆ, ಸಿಂಗಪುರದಲ್ಲಿದ್ದ ಊರಿನವನೊಬ್ಬ ಸುನಾಮಿಯ ಸುದ್ದಿಯನ್ನು ಫೋನ್ ಮಾಡಿ ತಿಳಿಸಿದಾಗ, ಜನ ಜ್ಞಾನ ಕೇಂದ್ರಕ್ಕೆ ಓಡಿ ಅದೇ ಧ್ವನಿವರ್ಧಕದಲ್ಲಿ ಕೂಗಿದರು. ಊರು ಪಾರಾಯಿತು. ಆ ಕೇಂದ್ರ ಅಲ್ಲಿತ್ತು, ಅದರ ದನಿಯನ್ನು ನಂಬುವ ರೂಢಿ ಜನರಿಗೆ ಇತ್ತು. ನಂಬಿಕೆ ಅಷ್ಟು ಬೆಳೆಯಲು ವರ್ಷಗಳೇ ಹಿಡಿದಿದ್ದವು.

ತರಗತಿ ಯಾವಾಗ ಎಂಬುದನ್ನು ಸಮುದ್ರವೇ ಹೇಳುತ್ತದೆ. ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. ಬೋಟುಗಳು ದಡ ಸೇರಿ, ಬಲೆ ರಿಪೇರಿಯ ಕೆಲಸ ಬಿಟ್ಟರೆ ಬಂದರಿಗೆ ಬಂದರೇ ಸುಮ್ಮನಾಗುವ ಕಾಲ. ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಐದು ದಿನ ಹಿಡಿದರೂ ಎಂಬತ್ತು ಗಂಟೆಯ ಮೇಲೆ ಸಿಗುತ್ತದೆ. ಶೈಕ್ಷಣಿಕ ವರ್ಷ, ಆರ್ಥಿಕ ವರ್ಷ ಎಂದು ಲೆಕ್ಕ ಹಾಕುವ ಕಚೇರಿಗಳು ಈ ಮೀನು ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಳೆಗಾಲದ ಕಾರವಾರದಲ್ಲಿ ಕರೆಂಟು ಹೋಗುವುದು ಮಾಮೂಲು, ಹಾಗಾಗಿ ಪಾಠ ಇಂಟರ್ನೆಟ್ ಇಲ್ಲದೆಯೂ ಓಡುವಂತೆ ಒಂದು ಪೆನ್‌ಡ್ರೈವ್‌ನಲ್ಲಿ ಇರಬೇಕು, ಜೊತೆಗೆ ಒಂದು ಇನ್ವರ್ಟರ್. ಜಾಗದ ತೊಡಕೂ ಇದೆ. ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಕಂಪ್ಯೂಟರು ಕಂಡಿವೆ, ಆದರೆ ಬೈತಖೋಲ ನಗರಸಭೆಯ ವಾರ್ಡು. ಆ ಸೌಲಭ್ಯ ಇಲ್ಲಿಗೆ ದಾಟುವುದಿಲ್ಲ. ಪಟ್ಟಣದಲ್ಲಿರುವ ಮೀನುಗಾರರ ಕೇರಿಗಳು ಹೀಗೆ ಹಳ್ಳಿಯ ಯೋಜನೆಗೂ ಸಲ್ಲದೆ ಪೇಟೆಯ ಯೋಜನೆಗೂ ಸಲ್ಲದೆ ನಡುವೆ ಉಳಿಯುವುದು ಬೈತಖೋಲದ ಕಥೆಯಷ್ಟೇ ಅಲ್ಲ.

ಇಷ್ಟೆಲ್ಲ ಇದ್ದರೂ ಕೋಣೆಯಲ್ಲಿ ಶಿಕ್ಷಕಿ ಇರಲೇಬೇಕು ಎಂಬುದು ನನ್ನ ಹಟ. ಅವರು ಮಾಡುವ ಕೆಲಸ ಮಾತ್ರ ಬದಲಾಗುತ್ತದೆ. ಬಾಯಿಪಾಠ ಮಾಡಿಸುವುದು, ಮತ್ತೆ ಮತ್ತೆ ಹೇಳುವುದು, ಉಚ್ಚಾರ ಕೇಳಿಸುವುದನ್ನು ಪರದೆಗೆ ಬಿಟ್ಟರೆ, ಅವರಿಗೆ ಕೂತವರ ಮುಖ ನೋಡಲು ಪುರುಸೊತ್ತು ಸಿಗುತ್ತದೆ. ಕೆಲವರು ತಪ್ಪು ಓದಿ ನಗೆಗೀಡಾದೇನು ಎಂದು ಬಾಯಿ ಬಿಡುವುದೇ ಇಲ್ಲ. ಕಲಿಸುವವಳು ಪಕ್ಕದ ಮನೆಯ ಸೊಸೆಯಾದರೆ ಸಂಕೋಚ ಇನ್ನೂ ಹೆಚ್ಚು. ಅಂಥವರಿಗೆ ಇಯರ್‌ಫೋನ್ ಹಾಕಿ ಮೂಲೆಯಲ್ಲಿ ಒಂದು ಫೋನು ಕೊಟ್ಟರೆ, ಯಾರಿಗೂ ಕಾಣದ ಹಾಗೆ ತಪ್ಪು ಮಾಡುವ ಸ್ವಾತಂತ್ರ್ಯ ಸಿಗುತ್ತದೆ. ಯಂತ್ರ ಕೊಡಬಲ್ಲ ದೊಡ್ಡ ಉಪಕಾರ ಇದೇ ಇರಬೇಕು. ಮೂರು ದಿನ ಬಾರದೆ ಇದ್ದವರ ಮನೆ ಬಾಗಿಲಿಗೆ ಹೋಗಿ ‘ಯಾಕೆ ಅಕ್ಕಾ, ಬರಲಿಲ್ಲ?’ ಎಂದು ಕೇಳುವುದು ಮಾತ್ರ ಅದರಿಂದ ಆಗದು. ಆ್ಯಪಿನ ನೋಟಿಫಿಕೇಶನ್ ಬರುತ್ತದೆ ಎಂದು ಯಾರಾದರೂ ಹೇಳಿಯಾರು. ಅದನ್ನು ಓದಬೇಕಲ್ಲ! ಹೀಗೆ ಮನೆ ಮನೆ ಅಲೆಯುವ ಸ್ವಯಂಸೇವಕಿಗೆ ಬಸ್ಸಿನ ಖರ್ಚೂ ಕೊಡದೆ ಸೇವೆ ಎಂಬ ಹೆಸರಿಟ್ಟಿರುವುದು ಈಗಿನ ಕಾರ್ಯಕ್ರಮದ ದೊಡ್ಡ ಕೊರತೆ ಎಂದೇ ನನ್ನ ಅನಿಸಿಕೆ. ಯಂತ್ರಕ್ಕೆ ಟೆಂಡರ್ ಕರೆಯುವಷ್ಟು ಸುಲಭವಾಗಿ ಮನುಷ್ಯರಿಗೆ ಗೌರವಧನ ಹೊರಡುವುದಿಲ್ಲ.

ಉಲ್ಲಾಸ್ ಕಾರ್ಯಕ್ರಮದ ಕೊನೆಯಲ್ಲಿ ಪರೀಕ್ಷೆ ಇದೆ. ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50, ಒಟ್ಟು 150 ಅಂಕ, ಪಾಸಾದವರಿಗೆ ಪ್ರಮಾಣಪತ್ರ. ವರ್ಷ ಬಿಡದೆ ನಡೆದರೆ ಜೂನ್–ಜುಲೈ ತರಗತಿಯಿಂದ ಬೈತಖೋಲದ ಅಕ್ಕಂದಿರು, ಬೋಟಿನವರು ಈ ಪರೀಕ್ಷೆ ತನಕ ಬರಬಹುದು. ಆದರೆ ಬಂದರಿನಲ್ಲಿ ಇನ್ನೊಂದು ಗುಂಪಿದೆ. ಬಲೆ ಎಳೆಯುವ ಕಲಾಸಿಗಳಲ್ಲಿ ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶದಿಂದ ಬಂದವರು ಬಹಳ. ನಿಷೇಧ ಶುರುವಾದ ಕೂಡಲೇ ಅವರು ರೈಲು ಹತ್ತುತ್ತಾರೆ. ಕಾರವಾರದಲ್ಲಿ ಒಡಿಯಾ ಕಲಿಸುವ ಶಿಕ್ಷಕಿಯನ್ನು ಎಲ್ಲಿಂದ ತರುವುದು? ಯಂತ್ರ ತನ್ನ ನಿಜವಾದ ಕೆಲಸ ತೋರಿಸಬೇಕಾದ ಜಾಗ ಇದು. ಒಂದೇ ಕೋಣೆಯಲ್ಲಿ ಒಬ್ಬರು ಒಡಿಯಾ, ಒಬ್ಬರು ಹಿಂದಿ ಪಾಠ ಕಿವಿಗೆ ಹಾಕಿಕೊಂಡು ಕೂರಬಹುದು, ಬೋಟಿನ ಬೋರ್ಡು ಓದುವಷ್ಟು ಕನ್ನಡವನ್ನು ಇಬ್ಬರೂ ದೊಡ್ಡ ಪರದೆಯಲ್ಲಿ ಕಲಿಯಬಹುದು. ಅವರ ತರಗತಿ ಆಗಸ್ಟ್‌ನಿಂದ ಮೇ ತಿಂಗಳೊಳಗೆ, ಗಾಳಿ ಜೋರಾಗಿ ಬೋಟು ದಡದಲ್ಲೇ ನಿಂತ ದಿನಗಳಲ್ಲಿ ನಡೆಯಬೇಕು. ಅವರ ಹೆಸರನ್ನು ಯಾವ ರಾಜ್ಯದ ಗುರಿಯಲ್ಲಿ ಲೆಕ್ಕ ಹಾಕಬೇಕು ಎಂಬ ತಕರಾರನ್ನು ಎರಡೂ ಕಡೆಯ ಅಧಿಕಾರಿಗಳು ಆಮೇಲೆ ಕೂತು ಬಗೆಹರಿಸಿಕೊಳ್ಳಲಿ.